ನಮ್ಮ ಬಡಾವಣೆ ಕೆರೆಯಲ್ಲಿ ಎಷ್ಟು ಮೀನಿದೆ ಅಂತ ತಿಳಿಯೋದು ಹೇಗೆ? ಕೆನಡಾದ ಲೆಕ್ಕ ಬೆಂಗಳೂರಿಗೆ ಒಗ್ಗುತ್ತಾ?

ಏರಿಮೇಲಿನವಳು

ಎಲ್ಲರಿಗೂ ನಮಸ್ಕಾರ. ಯಲಹಂಕದ ಕಡೆ ನಮ್ಮ ಬಡಾವಣೆಗೆ ಅಂಟಿಕೊಂಡು ಒಂದು ಸಣ್ಣ ಕೆರೆ ಇದೆ. ಏರಿ, ತೂಬು, ಕೋಡಿ ಎಲ್ಲ ಇನ್ನೂ ಗಟ್ಟಿಯಾಗಿವೆ. ಹೋದ ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದ ಮಾರನೇ ದಿನ ಮೀನು ಸತ್ತು ದಡಕ್ಕೆ ಬಂದವು. ಅವತ್ತಿಂದ ನಮ್ಮ ಕೆರೆ ಗುಂಪಿನಲ್ಲಿ ಒಂದೇ ವಾದ. ಏರಿ ಮೇಲೆ ವಾಕಿಂಗ್ ಬರುವ ಕೆಲವರು ಕೆರೆ ಸತ್ತಿದೆ, ಇನ್ನು ಈ ಕೆರೆಯಲ್ಲಿ ಮೀನೇ ಇಲ್ಲ ಅನ್ನುತ್ತಾರೆ. ಮೀನು ಹಿಡಿಯುವ ಟೆಂಡರ್ ಆದವರು ಬೇಕಾದಷ್ಟಿದೆ ಅನ್ನುತ್ತಾರೆ. ಇಬ್ಬರ ಹತ್ತಿರವೂ ಲೆಕ್ಕ ಇಲ್ಲ.

ಕೆನಡಾ, ಸ್ವೀಡನ್, ಫಿನ್ಲೆಂಡ್ ಕಡೆ ಸಣ್ಣಪುಟ್ಟ ಸರೋವರಗಳಲ್ಲೂ ಮೀನಿನ ಲೆಕ್ಕ ಇಡುತ್ತಾರೆ ಅಂತ ಓದಿದೆ. ನೀರೊಳಗೆ ಓಡಾಡೋದನ್ನು ಎಣಿಸೋದು ಹೇಗೆ? ಕೆರೆ ಬತ್ತಿಸದೆ ಆಗುತ್ತಾ? ಗೊತ್ತಿರುವವರು ಬಿಡಿಸಿ ಹೇಳಿ. ನಾನು ವಿಜ್ಞಾನ ಓದಿದವಳಲ್ಲ, ಆದರೆ ಕೂತು ಕಲಿಯೋಕೆ ತಯಾರಿದ್ದೀನಿ.

ಥಂಡರ್‌ಬೇ ಕನ್ನಡಿಗ

ನಮಸ್ಕಾರ ಮೇಡಂ. ನಾನು ಹುಟ್ಟಿ ಬೆಳೆದಿದ್ದು ಮಲ್ಲೇಶ್ವರದಲ್ಲಿ. ಈಗ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಇಲ್ಲಿ ಯಾರೂ ಇರೋ ಮೀನನ್ನೆಲ್ಲ ಎಣಿಸುವುದಿಲ್ಲ. ಒಂಟಾರಿಯೊ ಒಂದರಲ್ಲೇ ಎರಡೂವರೆ ಲಕ್ಷ ಸರೋವರಗಳಿವೆ. ಎಣಿಸ್ತಾ ಕೂತರೆ ಮುಗಿಯೋದಿಲ್ಲ. 2008ರಿಂದ ಇಲ್ಲಿ ಒಂದು ವ್ಯವಸ್ಥೆ ಇದೆ. ಆರಿಸಿದ ಸರೋವರಗಳಿಗೆ ಐದೈದು ವರ್ಷದ ಸುತ್ತಿನಲ್ಲಿ ಹೋಗುತ್ತಾರೆ, ಒಂದೇ ಥರದ ಬಲೆ ಹಾಕುತ್ತಾರೆ, ಒಂದು ಬಲೆಗೆ ಎಷ್ಟು ಮೀನು ಬಿತ್ತು ಅಂತ ಬರೆದಿಡುತ್ತಾರೆ. ಹೋದ ಸುತ್ತಿಗಿಂತ ಜಾಸ್ತಿಯೋ ಕಮ್ಮಿಯೋ ಅನ್ನೋದೇ ಅಲ್ಲಿ ಪ್ರಶ್ನೆ. ಒಟ್ಟು ಎಷ್ಟು ಅನ್ನೋದಲ್ಲ.

ಯುರೋಪಿನಲ್ಲಿ ಇದಕ್ಕೆ ಒಂದು ಗೊತ್ತಾದ ಬಲೆಯೇ ಇದೆ. ನಾರ್ಡಿಕ್ ಬಲೆ ಅಂತಾರೆ. 30 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ. ಒಂದೇ ಬಲೆಯಲ್ಲಿ 12 ಅಳತೆಯ ಕಣ್ಣು, ಒಂದೊಂದು ಅಳತೆಗೆ ಎರಡೂವರೆ ಮೀಟರ್ ಪಟ್ಟಿ. ಗಂಟಿನಿಂದ ಗಂಟಿಗೆ 5 ಮಿಲಿಮೀಟರ್ ಇರುವ ಕಣ್ಣಿಂದ ಹಿಡಿದು 55 ಮಿಲಿಮೀಟರ್‌ವರೆಗೆ. ಸಂಜೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಕಣ್ಣು ಒಂದೇ ಅಳತೆ ಆದರೆ ಒಂದೇ ಗಾತ್ರದ ಮೀನು ಸಿಗುತ್ತೆ. ಚಿಕ್ಕದು ತೂರಿಕೊಂಡು ಹೋಗುತ್ತೆ, ದೊಡ್ಡದರ ತಲೆಯೇ ಒಳಗೆ ಹೋಗೋದಿಲ್ಲ. ಅದಕ್ಕೇ ಈ 12 ಅಳತೆ.

ಒಟ್ಟು ಸಂಖ್ಯೆಯೇ ಬೇಕು ಅಂದಾಗ ಬೇರೆ ದಾರಿ. ಮೀನು ಸಾಯದ ಹಾಗೆ ಹಿಡಿಯೋ ಬಲೆ ಹಾಕುತ್ತೇವೆ. ದಡದಿಂದ ನೀರಿನ ಒಳಕ್ಕೆ ನೇರವಾಗಿ ಒಂದು ತಡೆಬಲೆ ಕಟ್ಟುತ್ತೇವೆ. ದಡದ ಉದ್ದಕ್ಕೆ ಈಜುತ್ತಾ ಬರೋ ಮೀನು ಅದಕ್ಕೆ ಮೂಗು ತಾಗಿಸಿ, ಆಳದ ಕಡೆ ತಿರುಗುತ್ತೆ. ಅಲ್ಲಿ ಉಂಗುರಗಳ ಮೇಲೆ ಹೊಲಿದ ಚೀಲ ಕಾಯ್ತಾ ಇರುತ್ತೆ. ಒಳಗೆ ಹೋಗೋ ಬಾಯಿ ಅಗಲ, ಹಿಂದೆ ಬರೋ ದಾರಿ ಕಿರಿದು. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಚೀಲ ಬಿಚ್ಚಿದರೆ ವೈಟ್ ಸಕರ್, ಪರ್ಚ್, ಒಂದೆರಡು ನಾರ್ದರ್ನ್ ಪೈಕ್ ಎಲ್ಲ ಜೀವಂತ ಇರುತ್ತವೆ. ಒಂದೊಂದನ್ನೂ ಒದ್ದೆ ಮಾಡಿದ ಅಳತೆ ಹಲಗೆ ಮೇಲೆ ಮಲಗಿಸಿ ಉದ್ದ ನೋಡಿ, ತೂಕ ಹಾಕಿ, ಈಜುರೆಕ್ಕೆಯ ತುದಿ ಒಂಚೂರು ಕತ್ತರಿಸಿ ಬಿಡುತ್ತೇವೆ. ಹಲಗೆ ಒಣಗಿರಬಾರದು, ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಆಮೇಲೆ ಮತ್ತೆ ಹಿಡಿದಾಗ ರೆಕ್ಕೆ ಕತ್ತರಿಸಿದವು ಎಷ್ಟು ಸಿಕ್ಕವು ಅನ್ನೋದರಿಂದ ಲೆಕ್ಕ. ಅದನ್ನು ಲೆಕ್ಕ ಗೊತ್ತಿರುವವರು ಯಾರಾದರೂ ಹೇಳಲಿ.

ಲೆಕ್ಕದ ಮೇಷ್ಟ್ರು

ಆ ಭಾಗ ನನಗೆ ಬಿಡಿ. ಕಾಲೇಜಿನಲ್ಲಿ ಪ್ರತಿ ವರ್ಷ ಅವರೆಕಾಳಲ್ಲಿ ಮಾಡಿಸುವ ಪಾಠ ಇದು. ಒಂದು ಡಬ್ಬದ ತುಂಬ ಅವರೆಕಾಳು. ಎಷ್ಟಿದೆ ಗೊತ್ತಿಲ್ಲ. 200 ಕಾಳು ತೆಗೆದು ಮಸಿ ಹಚ್ಚಿ ವಾಪಸ್ ಹಾಕಿ, ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ 150 ತೆಗೆಯಿರಿ. ಅದರಲ್ಲಿ ಮಸಿ ಹಚ್ಚಿದ್ದು 10 ಅಂತಿಟ್ಟುಕೊಳ್ಳಿ. ಅಂದರೆ ಹದಿನೈದಕ್ಕೆ ಒಂದು. ಹಚ್ಚಿದ್ದು 200. ಹಾಗಾದರೆ ಡಬ್ಬದಲ್ಲಿ ಸುಮಾರು 3000.

ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲಿ ಚಪ್ಪಟೆ ಮೀನಿಗೆ ಗುರುತು ಕಟ್ಟಿ ಬಿಡುತ್ತಿದ್ದರು. ಅವರ ಹೆಸರಲ್ಲೇ ಈ ವಿಧಾನ ಇದೆ. 1951ರಲ್ಲಿ ಚಾಪ್ಮನ್ ಅದಕ್ಕೆ ಒಂದು ತಿದ್ದುಪಡಿ ಕೊಟ್ಟರು, ಮಸಿ ಹಚ್ಚಿದ್ದು, ಆಮೇಲೆ ತೆಗೆದದ್ದು, ಅದರಲ್ಲಿ ಮಸಿ ಇದ್ದದ್ದು, ಈ ಮೂರು ಸಂಖ್ಯೆಗೂ ಒಂದೊಂದು ಸೇರಿಸಿ, ಮೊದಲ ಎರಡನ್ನು ಗುಣಿಸಿ, ಮೂರನೆಯದರಿಂದ ಭಾಗಿಸಿ, ಕೊನೆಗೆ ಒಂದು ಕಳೆಯೋದು. ಹಾಗೆ ಮಾಡಿದರೆ ಮೇಲಿನ ಉದಾಹರಣೆಯಲ್ಲಿ 2758 ಬರುತ್ತೆ. ಒಂದೇ ಸಲಕ್ಕೆ ಬಿಡದೆ ದಿನಾ ಹಿಡಿದು, ದಿನಾ ಗುರುತು ಹಾಕಿ, ಎಲ್ಲ ದಿನದ ಲೆಕ್ಕವನ್ನೂ ಒಟ್ಟು ಸೇರಿಸುವ ದಾರಿಯನ್ನು 1938ರಲ್ಲಿ ಜೋಯಿ ಶ್ನಾಬೆಲ್ ಅನ್ನುವವರು ತೋರಿಸಿದರು. ಅವರು ಬರೆದಿದ್ದೇ ಸರೋವರದ ಮೀನಿನ ಬಗ್ಗೆ. ಸಣ್ಣ ಕೆರೆಗೆ ಇದು ಹೆಚ್ಚು ಒಪ್ಪುತ್ತೆ, ಯಾಕೆಂದರೆ ಒಂದೇ ದಿನಕ್ಕೆ ಬೇಕಾದಷ್ಟು ಮೀನು ಯಾವತ್ತೂ ಸಿಗೋದಿಲ್ಲ.

ಈಗ ನಾನು ಹೇಳಲೇಬೇಕಾದ ಮಾತು. ಆ 10 ಅನ್ನೋದು ಅದೃಷ್ಟ. ಅದೇ ಡಬ್ಬದಲ್ಲಿ 5 ಸಿಕ್ಕಿದ್ದರೆ ಉತ್ತರ 5057. 15 ಸಿಕ್ಕಿದ್ದರೆ 1896. ಕೆರೆ ಅದೇ, ಮೀನು ಅದೇ, ಉತ್ತರ ಮಾತ್ರ ಎರಡೂವರೆ ಪಟ್ಟು ಆಚೀಚೆ. ಯಾರಾದರೂ "ಈ ಕೆರೆಯಲ್ಲಿ 2758 ಮೀನಿದೆ" ಅಂದರೆ ಮೊದಲು ಕೇಳಬೇಕಾದ್ದು, ಗುರುತಿನ ಮೀನು ಎಷ್ಟು ವಾಪಸ್ ಸಿಕ್ಕವು ಸ್ವಾಮಿ ಅಂತ.

ಬಲೆಗಾರ

ಎಲ್ಲ ಓದಿದೆ. ನಮ್ಮದು ಹೊಸಕೋಟೆ ಕಡೆ. ತಾತನ ಕಾಲದಿಂದ ಕೆರೆ ಮೀನು ಹಿಡಿಯೋ ಮನೆ. ಮೇಷ್ಟ್ರೇ, ಡಬ್ಬದ ಮುಚ್ಚಳ ಮುಚ್ಚಿರುತ್ತೆ. ಕೆರೆಗೆ ಮುಚ್ಚಳ ಎಲ್ಲಿದೆ?

ಮಳೆ ಜೋರಾಗಿ ಕೋಡಿ ಬಿದ್ದರೆ ಒಂದೇ ರಾತ್ರಿಗೆ ಮೀನು ಕೆಳಗಿನ ಕೆರೆಗೆ ಹೋಗುತ್ತೆ. ಮೇಲಿನ ಕೆರೆ ತುಂಬಿದರೆ ಅಲ್ಲಿಂದ ರಾಜಕಾಲುವೆಯಲ್ಲಿ ಬರುತ್ತೆ. ಬೆಂಗಳೂರಿನ ಕೆರೆಗಳೆಲ್ಲ ಒಂದಕ್ಕೊಂದು ಸರಪಳಿ ಹಾಕಿಕೊಂಡವು. ಕೋಡಿಯಲ್ಲಿ ನೀರು ಸಣ್ಣಗೆ ಹರೀತಿರುವಾಗ ಮೀನು ಅದರ ಎದುರಿಗೆ ಹತ್ತುತ್ತೆ, ಅದನ್ನೂ ನೋಡಿದ್ದೀವಿ. ಇನ್ನು ಟೆಂಡರ್‌ನವರು ಮರಿ ಬಿಡುತ್ತಾರೆ. ಗುರುತು ಹಾಕಿದ ಮೇಲೆ ಹತ್ತು ಸಾವಿರ ಮರಿ ಬಿಟ್ಟರೆ ನಿಮ್ಮ ಹದಿನೈದಕ್ಕೆ ಒಂದು ಎಲ್ಲಿ ಹೋಯಿತು?

ಇನ್ನೊಂದು. ಒಂದು ಸಲ ಬಲೆಗೆ ಬಿದ್ದು ಬಿಟ್ಟ ಮೀನು ಆಮೇಲೆ ಬಲೆ ಕಂಡರೆ ಅಂಜುತ್ತೆ. ಗೆಂಡೆಯಂತೂ ಬಹಳ ಚುರುಕು. ಎಳೆಬಲೆ ಹಾಕಿದರೆ ಕೆಸರಿಗೆ ತಲೆ ಹಾಕಿ ಬಲೆ ಮೇಲಿಂದ ಹೋಗುವ ತನಕ ಕದಲೋದಿಲ್ಲ. ಹುಣ್ಣಿಮೆ ಹತ್ತಿರ ಬಿಟ್ಟ ಬಲೆಗೂ ಅಮಾವಾಸ್ಯೆಯಲ್ಲಿ ಬಿಟ್ಟ ಬಲೆಗೂ ಹೋಲಿಸಬೇಡಿ, ಬೆಳಕಿದ್ದರೆ ನೂಲು ಕಾಣುತ್ತೆ.

ಲೆಕ್ಕದ ಮೇಷ್ಟ್ರು

ಅಣ್ಣಾ, ಪಾಠದ ಪುಸ್ತಕದಲ್ಲಿ ಇರುವ ಶರತ್ತುಗಳೆಲ್ಲ ನೀವು ಹೇಳಿದವೇ. ಹುಟ್ಟಬಾರದು, ಸಾಯಬಾರದು, ಒಳಗೆ ಬರಬಾರದು, ಆಚೆ ಹೋಗಬಾರದು, ಗುರುತು ಅಳಿಯಬಾರದು, ಗುರುತಿನ ಮೀನೂ ಉಳಿದವೂ ಒಂದೇ ಥರ ಸಿಗಬೇಕು. ನಿಮ್ಮ ಕೊನೇ ಮಾತು ಎಲ್ಲಕ್ಕಿಂತ ಮುಖ್ಯ. ಬಲೆಗೆ ಅಂಜಿದ ಮೀನು ವಾಪಸ್ ಸಿಗದಿದ್ದರೆ ಗುರುತಿನವು ಕಮ್ಮಿ ಕಾಣುತ್ತವೆ, ಒಟ್ಟು ಲೆಕ್ಕ ಸುಮ್ನೆ ಉಬ್ಬುತ್ತೆ. ಕೆರೆಯಲ್ಲಿ ಮೀನು ತುಂಬಿದೆ ಅನ್ನೋ ಉತ್ತರ ಬರುತ್ತೆ.

ಬೇಸಿಗೆಯಲ್ಲಿ ಕೋಡಿ ಒಣಗಿರುವಾಗ, ಮರಿ ಬಿಡುವ ಮೊದಲು, ಕೆಲವೇ ದಿನಗಳಲ್ಲಿ ಮುಗಿಸಿದರೆ ಮುಚ್ಚಳ ಮುಚ್ಚಿದ ಹಾಗೆ. ಅಷ್ಟು ಮಾತ್ರ ನಾನು ಹೇಳಬಲ್ಲೆ.

ಗೆಂಡೆಮರಿ

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು ನಾನು. ಇಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಯಾವ ಮೀನು?

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನದಿ ಬೇಕು. 1957ರ ಜುಲೈ 10ರಂದು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಅವರು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವ ಹಾಗೆ ಮಾಡಿದರು. ಅದಕ್ಕೇ ಇವತ್ತಿಗೂ ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಹಾಗಾಗಿ ಬೆಂಗಳೂರಿನ ಕೆರೆಯಲ್ಲಿ ಸಿಗುವ ಕಾಟ್ಲಾ ಯಾರೋ ತಂದು ಬಿಟ್ಟಿದ್ದು, ಇಲ್ಲಾ ಮೇಲಿನ ಕೆರೆಯಲ್ಲಿ ಬಿಟ್ಟಿದ್ದು ಇಳಿದು ಬಂದಿದ್ದು. ಕಾಟ್ಲಾ ಎಷ್ಟಿದೆ ಅಂತ ಎಣಿಸಿದರೆ ನಿಮಗೆ ಸಿಗೋದು ಎಷ್ಟು ಮರಿ ಬಿಟ್ಟರು, ಎಷ್ಟು ಉಳಿದವು ಅನ್ನೋದರ ಲೆಕ್ಕ. ಕೆರೆಯ ಆರೋಗ್ಯದ ಲೆಕ್ಕ ಅಲ್ಲ.

ಜಿಲೇಬಿ, ಅಂದರೆ ತಿಲಾಪಿಯಾ, ಬೇರೆ ಕಥೆ. 1952ರಲ್ಲಿ ನಮ್ಮ ದೇಶಕ್ಕೆ ತಂದಿದ್ದು. ನಿಂತ ನೀರಲ್ಲೇ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತೆ. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಅದು ಜಾಸ್ತಿಯಾದರೆ ಒಂದೊಂದು ಮೀನೂ ಅಂಗೈಗಿಂತ ದೊಡ್ಡದಾಗುವುದೇ ಇಲ್ಲ. ಬಲೆ ತುಂಬ ಮೀನು, ಆದರೆ ಎಲ್ಲ ಕುಳ್ಳು. ಎಣಿಕೆ ಮಾತ್ರ ನೋಡಿದವರು ಕೆರೆ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕೆರೆಗಳಲ್ಲಿ ಇದೆ. ಅದು ಗಾಳಿಯನ್ನೇ ಉಸಿರಾಡಬಲ್ಲದು. ಚರಂಡಿ ನೀರು ನುಗ್ಗಿ ಉಳಿದ ಮೀನೆಲ್ಲ ಸತ್ತರೂ ಇದು ಬದುಕುತ್ತೆ. ಬಲೆಯಲ್ಲಿ ಬರೀ ಅದೇ ಬಂದರೆ, ಸಂಖ್ಯೆ ಎಷ್ಟೇ ದೊಡ್ಡದಿದ್ದರೂ, ಅದು ಕೆಟ್ಟ ಸುದ್ದಿ.

ನಿಜವಾಗಿ ನೋಡಬೇಕಾಗಿದ್ದು ಪಕ್ಕೆ, ಸಸಲು, ಕೊರಮೀನು ಥರದ ಊರ ಮೀನು. ಇವನ್ನು ಯಾರೂ ತಂದು ಬಿಡೋದಿಲ್ಲ. ಇದ್ದರೆ ತಾವಾಗಿ ಇರುತ್ತವೆ. ಇಲ್ಲವಾದರೆ ಅದಕ್ಕೊಂದು ಕಾರಣ ಇರುತ್ತೆ.

ಏರಿಮೇಲಿನವಳು

ಸರ್, ಇದು ನನಗೆ ಹೊಸದು. ಅಂದರೆ ಟೆಂಡರ್‌ನವರು "ಮೀನು ತುಂಬಿದೆ" ಅನ್ನೋದೂ ನಿಜ ಇರಬಹುದು, ವಾಕಿಂಗ್‌ನವರು "ಕೆರೆ ಸತ್ತಿದೆ" ಅನ್ನೋದೂ ನಿಜ ಇರಬಹುದು ಅಂತಾಯಿತು. ಅವರ ಬಲೆ ಕಣ್ಣು ದೊಡ್ಡದು, ಪಕ್ಕೆ ಸಸಲು ಅದರಲ್ಲಿ ಬೀಳೋದೇ ಇಲ್ಲ, ಅಲ್ವಾ?

ಬಲೆಗಾರ

ಬೀಳೋದಿಲ್ಲ ಅಕ್ಕಾ. ಮಾರೋ ಮೀನಿನ ಬಲೆಯ ಕಣ್ಣಿಗೆ ಮೂರು ಬೆರಳು ಹೋಗುತ್ತೆ. ಪಕ್ಕೆ ಅದರಲ್ಲಿ ಆಟ ಆಡಿಕೊಂಡು ಹೋಗುತ್ತೆ. ಸಣ್ಣ ಮೀನಿಗೆ ಬೀಸುಬಲೆ ಬೇಕು, ಸಣ್ಣ ಕಣ್ಣಿಂದು. ಜೊಂಡಿನ ಪಕ್ಕ, ಮೊಣಕಾಲುದ್ದ ನೀರಲ್ಲಿ. ಹಳ್ಳಿ ಕಡೆ ಹೆಂಗಸರು ಬುಟ್ಟಿಯಲ್ಲೇ ಹಿಡಿಯುತ್ತಿದ್ದರು.

ಕೊರಮೀನು ನೋಡೋಕೆ ಬಲೆಯೇ ಬೇಡ. ಮಳೆ ಶುರುವಾದ ಮೇಲೆ ಬೆಳಿಗ್ಗೆ ಹೊತ್ತು ದಡದ ಹತ್ತಿರ ನಿಂತು ನೀರು ನೋಡಿ. ಒಂದು ಮೊರದಷ್ಟು ಅಗಲಕ್ಕೆ ಕೆಂಪು ಕೆಂಪಾಗಿ ಮರಿಗಳು ಗುಂಪಾಗಿ ಮೇಲೆ ಬಂದು ಗುಳುಗುಳು ಅಂತ ಗಾಳಿ ತಗೊಂಡು ಕೆಳಗೆ ಹೋಗುತ್ತವೆ. ಕೆಳಗೆ ಅಪ್ಪ ಅಮ್ಮ ಕಾಯುತ್ತಿರುತ್ತವೆ. ಒಂದು ಕಲ್ಲು ಹಾಕಿದರೆ ನೀರು ಸೀಳಿಕೊಂಡು ಬರುತ್ತವೆ. ಅಂಥಾ ಗುಂಪು ಎಷ್ಟಿದೆ ಅಂತ ಏರಿ ಮೇಲೆ ನಡೆಯುವವರು ಬರೆದಿಟ್ಟರೂ ಅದೊಂದು ಲೆಕ್ಕವೇ.

ಜಿಲೇಬಿದೂ ಹಾಗೇ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಕೆಸರಲ್ಲಿ ತಟ್ಟೆ ಅಗಲದ ಗುಂಡಿಗಳು ಸಾಲಾಗಿ ಕಾಣುತ್ತವೆ. ಗಂಡು ತೋಡಿದ ಗೂಡು ಅವು.

ನೀರುಕಾಗೆ

ದಯವಿಟ್ಟು ಒಂದು ವಿನಂತಿ. ರಾತ್ರಿಯಿಡೀ ನೀರಲ್ಲಿ ನಿಲ್ಲಿಸುವ ಬಲೆ ನಮ್ಮ ಕೆರೆಗಳಿಗೆ ಬೇಡ. ನಾನು ಹಕ್ಕಿ ನೋಡುವವಳು. ನೀರುಕಾಗೆ, ಗುಳುಮುಳುಕ ಎಲ್ಲ ಮುಳುಗಿ ಮೀನು ಹಿಡಿಯುವ ಹಕ್ಕಿಗಳು. ಬಲೆಯಲ್ಲಿ ಸಿಕ್ಕ ಮೀನಿಗೆ ಹೋಗಿ ತಾವೇ ಸಿಕ್ಕಿಕೊಂಡು ಉಸಿರುಕಟ್ಟಿ ಸಾಯುತ್ತವೆ. ಆಮೆಗಳಿಗೂ ಅದೇ ಗತಿ. ಬಿಟ್ಟುಹೋದ ಬಲೆಯಲ್ಲಿ ಸತ್ತ ನೀರುಕಾಗೆಯನ್ನು ಕೈಯಾರೆ ಬಿಡಿಸಿದ್ದೇನೆ. ನೂಲು ರೆಕ್ಕೆಯ ಬುಡದವರೆಗೂ ಸುತ್ತಿಕೊಂಡಿತ್ತು. ಮೀನಿನ ಲೆಕ್ಕಕ್ಕೆ ಹಕ್ಕಿ ಬಲಿ ಕೊಡುವುದು ನನಗೆ ಒಪ್ಪಿಗೆ ಇಲ್ಲ.

ಥಂಡರ್‌ಬೇ ಕನ್ನಡಿಗ

ಪೂರ್ತಿ ಒಪ್ಪುತ್ತೇನೆ ಮೇಡಂ. ಇಲ್ಲೂ ಈ ಚಿಂತೆ ಇದೆ, ಆ ಬಲೆ ಮೀನನ್ನೂ ಕೊಲ್ಲುತ್ತೆ. ಲೇಕ್ ಟ್ರೌಟ್ ಥರದ ಮೀನು ದೊಡ್ಡದಾಗಿ ಮೊಟ್ಟೆ ಇಡೋಕೆ ಹಲವು ವರ್ಷ ಬೇಕು. ಸಣ್ಣ ಸರೋವರದಲ್ಲಿ ಲೆಕ್ಕಕ್ಕಾಗಿ ಅವನ್ನು ಸಾಯಿಸಿದರೆ ಲೆಕ್ಕವೇ ಒಂದು ಹೊಡೆತ. ಅದಕ್ಕೇ ಇಲ್ಲಿ ವಸಂತದಲ್ಲಿ ಲೇಕ್ ಟ್ರೌಟ್‌ಗೆ ಸಣ್ಣ ಕಣ್ಣಿನ ಬಲೆಯನ್ನು ಬರೀ 90 ನಿಮಿಷ ಬಿಟ್ಟು ಎತ್ತುವ ಪದ್ಧತಿ ಇದೆ. ಮೀನು ಹಲ್ಲು ಮೂತಿ ಸಿಕ್ಕಿಸಿಕೊಂಡಿರುತ್ತೆ, ಕಿವಿರು ಸಿಕ್ಕಿರೋದಿಲ್ಲ. ಬಹುಪಾಲು ಜೀವಂತ ವಾಪಸ್ ಹೋಗುತ್ತವೆ. ಬೆಂಗಳೂರಿಗೆ ಹಗಲು ಹೊತ್ತಿನ ಬೀಸುಬಲೆ, ಮನುಷ್ಯರು ಎದುರಿಗೇ ನಿಂತಿರುವ ಎಳೆಬಲೆ ಸಾಕು.

ಗೆಂಡೆಮರಿ ಅವರು ಸಣ್ಣ ಮೀನಿನ ಬಗ್ಗೆ ಹೇಳಿದ್ದಕ್ಕೆ ಇಲ್ಲಿಯದೇ ಒಂದು ಸಾಕ್ಷಿ ಕೊಡುತ್ತೇನೆ. ಈ ವಾಯವ್ಯ ಒಂಟಾರಿಯೊದಲ್ಲೇ 1968ರಿಂದ ಕೆಲವು ಸಣ್ಣ ಸರೋವರಗಳನ್ನು ಬರೀ ಪ್ರಯೋಗಕ್ಕೆ ಅಂತ ಎತ್ತಿಟ್ಟಿದ್ದಾರೆ. ಇಡೀ ಸರೋವರದ ಮೇಲೆ ಪ್ರಯೋಗ ಮಾಡುತ್ತಾರೆ. ಹೆಸರಿಲ್ಲ, ನಂಬರ್ ಅಷ್ಟೇ. 260ನೇ ಸರೋವರಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನನ್ನು ಸೇರಿಸಿದರು. ಒಂದು ಲೀಟರ್ ನೀರಿಗೆ 5ರಿಂದ 6 ನ್ಯಾನೊಗ್ರಾಂ (ನ್ಯಾನೊಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು). ಪಟ್ಟಣದ ಕೊಳಚೆ ನೀರಿನಲ್ಲಿ ಕಂಡುಬರುವಂಥ ಪ್ರಮಾಣ ಅದು. ಫ್ಯಾಟ್‌ಹೆಡ್ ಮಿನೋ ಅಂತ ಬೆರಳುದ್ದದ ಒಂದು ಮೀನು ಅಲ್ಲಿತ್ತು. ಅದರ ಗಂಡುಗಳು ಹೆಣ್ಣಿನ ಲಕ್ಷಣ ತೋರಿಸಿದವು, ಮರಿ ಆಗುವುದು ನಿಂತಿತು, ಆ ಜಾತಿ ಆ ಸರೋವರದಿಂದ ಹೆಚ್ಚುಕಡಿಮೆ ಅಳಿದೇ ಹೋಯಿತು. ಅದನ್ನು ತಿನ್ನುತ್ತಿದ್ದ ಲೇಕ್ ಟ್ರೌಟ್ ಆಮೇಲೆ ಇಳಿಯಿತು. ಹಾರ್ಮೋನ್ ಹಾಕುವುದು ನಿಲ್ಲಿಸಿದ ಮೇಲೆ ಕೆಲವು ವರ್ಷಕ್ಕೆ ಮಿನೋ ಚೇತರಿಸಿಕೊಂಡಿತು.

ಇದರಲ್ಲಿ ನಮಗೆ ಬೇಕಾದ್ದು ಏನೆಂದರೆ, ಮೊದಲು ಬಿದ್ದಿದ್ದು ಬೆರಳುದ್ದದ ಮೀನು. ಅದರ ಆಯಸ್ಸೇ ಕೆಲವು ವರ್ಷ. ಎರಡು ಮೂರು ವರ್ಷ ಮರಿ ಆಗದಿದ್ದರೆ ಮುಗಿಯಿತು. ದೊಡ್ಡ ಮೀನು ಹತ್ತಾರು ವರ್ಷ ಬದುಕುತ್ತೆ, ಮರಿ ಆಗದಿದ್ದರೂ ಬಲೆಗೆ ಬೀಳುತ್ತಲೇ ಇರುತ್ತೆ. ದೊಡ್ಡ ಕಣ್ಣಿನ ಬಲೆ ಮಾತ್ರ ಹಾಕಿದ್ದರೆ ಶುರುವಿನಲ್ಲಿ ಏನೂ ಆಗಿಲ್ಲ ಅಂತಲೇ ಕಾಣುತ್ತಿತ್ತು.

ಇನ್ನೊಂದು, 223ನೇ ಸರೋವರ. 1976ರಿಂದ ಸ್ವಲ್ಪ ಸ್ವಲ್ಪವೇ ಆಮ್ಲ ಸೇರಿಸುತ್ತಾ ಹೋದರು. ಅಲ್ಲೂ ಮೊದಲು ಹೋಗಿದ್ದು ಒಂದು ಸಣ್ಣ ಸಿಗಡಿ ಮತ್ತು ಇದೇ ಮಿನೋ. ಲೇಕ್ ಟ್ರೌಟ್ ಆಮೇಲೂ ಇದ್ದವು, ಆದರೆ ತಿನ್ನೋಕಿಲ್ಲದೆ ಬಡಕಲಾಗಿದ್ದವು. ಎಣಿಕೆಗಿಂತ ಮೊದಲು ತೂಕ ಹೇಳುತ್ತೆ. ಅದಕ್ಕೇ ನಾವು ಉದ್ದದ ಜೊತೆ ತೂಕ ತಪ್ಪದೆ ಬರೆಯೋದು.

ಮುಂಜಾನೆ ವಾಕಿಂಗ್

ಇದೆಲ್ಲ ಸರಿ. ಈಗ ನೀರಿನ ಸ್ಯಾಂಪಲ್ ತೆಗೆದು ಡಿಎನ್‌ಎ ನೋಡಿದರೆ ಯಾವ ಮೀನಿದೆ ಅಂತ ಗೊತ್ತಾಗುತ್ತಂತೆ. ದೋಣಿಗೆ ಸೋನಾರ್, ಅಂದರೆ ಶಬ್ದದ ಪ್ರತಿಧ್ವನಿಯಿಂದ ನೀರೊಳಗೆ ನೋಡುವ ಉಪಕರಣ, ಕಟ್ಟಿದರೆ ಎಣಿಸಬಹುದಂತೆ. ಬಲೆ ಯಾಕೆ ಬೇಕು?

ಗೆಂಡೆಮರಿ

ಡಿಎನ್‌ಎಯಿಂದ ಯಾವ ಜಾತಿ ಇದೆ ಅಂತ ತಿಳಿಯಬಹುದು, ಒಳ್ಳೆಯದೇ. ಆದರೆ ಎಷ್ಟಿದೆ, ಎಷ್ಟು ಉದ್ದ ಇದೆ, ಮರಿ ಆಗುತ್ತಿದೆಯಾ ಅನ್ನೋದಕ್ಕೆ ಅದು ಸಾಲದು. ಜೊತೆಗೆ ನಮ್ಮಲ್ಲಿ ಮೇಲಿನ ಕೆರೆಯ ನೀರು, ಮೀನಂಗಡಿ ತೊಳೆದ ನೀರು ಎಲ್ಲ ರಾಜಕಾಲುವೆಯಲ್ಲಿ ಬರುತ್ತೆ. ಅಂಗಡಿಯ ಮೀನಿನ ಡಿಎನ್‌ಎ ಕೂಡ ಕೆರೆಯಲ್ಲಿ ಸಿಗಬಹುದು. ಸೋನಾರ್ ಆಳದ ನೀರಿಗೆ ಚೆನ್ನ. ಆಳು ಮುಳುಗದ, ಗಿಡ ತುಂಬಿದ ಕೆರೆಯಲ್ಲಿ ತಳ ಯಾವುದು ಮೀನು ಯಾವುದು ಅಂತ ಬೇರೆ ಮಾಡೋದೇ ಕಷ್ಟ.

ಮುಂಜಾನೆ ವಾಕಿಂಗ್

ಸರಿ ಸರ್. ಇನ್ನೊಂದು ಪ್ರಶ್ನೆ. ಮೀನು ಸತ್ತ ದಿನ ನಾನು ಅಲ್ಲೇ ಇದ್ದೆ. ವಿಷ ಯಾರೋ ಹಾಕಿದ್ದಾರೆ ಅಂತ ಎಲ್ಲರೂ ಅಂದರು. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತಾಗಲೂ ಇದೇ ಥರ ಮಾತು ಕೇಳಿದ್ದೆ. ಸತ್ತ ಮೀನಿನಿಂದ ಏನಾದರೂ ಲೆಕ್ಕ ಸಿಗುತ್ತಾ?

ಗೆಂಡೆಮರಿ

ಸಿಗುತ್ತೆ, ಮತ್ತು ಅದನ್ನು ಯಾರೂ ಬರೆದಿಡದೆ ಗುಂಡಿಗೆ ಹಾಕಿ ಮುಚ್ಚುತ್ತಾರೆ ಅನ್ನೋದೇ ನನಗೆ ಸಂಕಟ.

ನಮ್ಮ ಕೆರೆಗಳಲ್ಲಿ ಕೊಳಚೆಯಿಂದ ಗೊಬ್ಬರ ಜಾಸ್ತಿ, ಹಾಗಾಗಿ ಹಸಿರು ಪಾಚಿ ಜಾಸ್ತಿ. ಹಗಲು ಪಾಚಿ ಆಮ್ಲಜನಕ ಕೊಡುತ್ತೆ. ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕ ತಿನ್ನುತ್ತೆ. ಬೆಳಗಿನ ಜಾವಕ್ಕೆ ನೀರಲ್ಲಿ ಏನೂ ಉಳಿದಿರೋದಿಲ್ಲ. ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತೆ. ಬೇಸಿಗೆಯ ಕೊನೆಗೆ ನೀರು ಕಮ್ಮಿ, ಬಿಸಿ ಜಾಸ್ತಿ. ಆಗ ಮೊದಲ ಮಳೆ ರಸ್ತೆ, ಚರಂಡಿಯ ಕೊಳೆಯನ್ನೆಲ್ಲ ಒಂದೇ ಸಲ ತಂದು ಸುರಿದು, ತಳದ ಹೂಳನ್ನೂ ಕದಡುತ್ತೆ. ಮೋಡ ಬೇರೆ. ಇದ್ದ ಆಮ್ಲಜನಕವೂ ಹೋಗುತ್ತೆ. ವಿಷ ಹಾಕೋರು ಬೇಕಾಗಿಯೇ ಇಲ್ಲ.

ನೋಡಬೇಕಾದ್ದು ಇಷ್ಟು. ಯಾವ ಜಾತಿ ಸತ್ತಿದೆ, ಯಾವ ಗಾತ್ರದ್ದು, ಎಷ್ಟು ಹೊತ್ತಿಗೆ ಕಂಡಿತು. ಕ್ಯಾಟ್‌ಫಿಶ್, ಕೊರಮೀನು ಬದುಕಿದ್ದು ಉಳಿದವು ಸತ್ತಿದ್ದರೆ ಆಮ್ಲಜನಕದ ಕೊರತೆ ಅನ್ನೋ ಅನುಮಾನ ಬಲವಾಗುತ್ತೆ, ಅವೆರಡೂ ಗಾಳಿ ಉಸಿರಾಡುವವು. ಎಲ್ಲವೂ ಒಟ್ಟಿಗೆ, ಅದೂ ನಡುಹಗಲಲ್ಲಿ ಸತ್ತರೆ ನೀರಿನ ಸ್ಯಾಂಪಲ್ ಬಾಟಲಿಗೆ ತುಂಬಿ ಐಸ್ ಡಬ್ಬಿಯಲ್ಲಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ, ಅವತ್ತೇ ಕೊಡಿ. ಮೀನಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಇಷ್ಟಕ್ಕೆ ಯಾರ ಅನುಮತಿಯೂ ಬೇಡ.

ಥಂಡರ್‌ಬೇ ಕನ್ನಡಿಗ

ಇಲ್ಲಿ ಇದೇ ಸಾವು ಚಳಿಗಾಲದಲ್ಲಿ ಆಗುತ್ತೆ. ಮಂಜುಗಡ್ಡೆ ಮೇಲೆ ಹಿಮ ಕೂತರೆ ಬೆಳಕು ಒಳಗೆ ಹೋಗೋದಿಲ್ಲ, ಗಾಳಿಯೂ ತಾಗೋದಿಲ್ಲ. ಆಳ ಇಲ್ಲದ ಸರೋವರದಲ್ಲಿ ವಸಂತದ ಹೊತ್ತಿಗೆ ಆಮ್ಲಜನಕ ಮುಗಿದು, ಹಿಮ ಕರಗಿದಾಗ ದಡದ ತುಂಬ ಸತ್ತ ಮೀನು. ಆ ಸರೋವರದಲ್ಲಿ ಆಮೇಲೆ ತಡೆದುಕೊಳ್ಳಬಲ್ಲ ಒಂದೆರಡು ಸಣ್ಣ ಜಾತಿ ಮಾತ್ರ ಉಳಿಯುತ್ತವೆ. ಯಾವ ಜಾತಿ ಇದೆ ಅಂತ ನೋಡಿಯೇ, ಇಲ್ಲಿ ಚಳಿಗಾಲದಲ್ಲಿ ಉಸಿರು ಕಟ್ಟುತ್ತೆ ಅಂತ ಹೇಳಬಹುದು.

ಏರಿಮೇಲಿನವಳು

ನಾವು ಮಾಡುವುದಾದರೆ ಎಲ್ಲಿಂದ ಶುರು ಮಾಡೋದು? ಮೀನುಗಾರಿಕೆ ಇಲಾಖೆಯ ಅನುಮತಿ, ಟೆಂಡರ್‌ನವರ ಒಪ್ಪಿಗೆ ಎರಡನ್ನೂ ಕೇಳುತ್ತೇನೆ. ಅದಿಲ್ಲದೆ ನೀರಿಗೆ ಇಳಿಯೋದಿಲ್ಲ.

ಲೆಕ್ಕದ ಮೇಷ್ಟ್ರು

ಗುರುತು ಹಾಕೋದು ಸದ್ಯಕ್ಕೆ ಬೇಡ. ಒಟ್ಟು ಸಂಖ್ಯೆಯ ಆಸೆ ಬಿಡಿ. ಅದೇ ತಿಂಗಳು, ಅದೇ ಬಲೆ, ಅದೇ ಜಾಗ, ಅಷ್ಟೇ ಸಲ ಬೀಸೋದು. ಒಂದು ಬೀಸಿಗೆ ಎಷ್ಟು ಅಂತ ಬರೆಯೋದು. ಏನೂ ಬೀಳದಿದ್ದರೆ ಸೊನ್ನೆ ಅಂತ ಬರೆಯೋದು. ಸೊನ್ನೆ ಬಿಟ್ಟುಹೋದರೆ ಇಡೀ ಲೆಕ್ಕ ಸುಳ್ಳಾಗುತ್ತೆ. ಜಾಗವನ್ನು ಮೊದಲೇ ನಕ್ಷೆಯಲ್ಲಿ ಚೀಟಿ ಎತ್ತಿ ಗೊತ್ತು ಮಾಡಿ.

ಬಲೆಗಾರ

ಮೇಷ್ಟ್ರೇ ಇದೊಂದು ನನಗೆ ಒಪ್ಪಿಗೆ ಆಗಲಿಲ್ಲ. ಚೀಟಿ ಎತ್ತಿ ಬಲೆ ಬೀಸೋದಾ? ಮೀನು ಎಲ್ಲಿದೆ ಅಂತ ನೀರು ನೋಡಿದರೆ ನಮಗೆ ಗೊತ್ತಾಗುತ್ತೆ. ಮೀನಿಲ್ಲದ ಕಡೆ ಬೀಸಿ ಸೊನ್ನೆ ಬರೆದು ಕೆರೆಯಲ್ಲಿ ಮೀನಿಲ್ಲ ಅಂದರೆ ಅದು ಮೋಸ ಅಲ್ವಾ?

ಲೆಕ್ಕದ ಮೇಷ್ಟ್ರು

ಇಲ್ಲ ಅಣ್ಣಾ, ಕೇಳಿ. ಕೆರೆಯಲ್ಲಿ ಅರ್ಧ ಮೀನು ಸತ್ತರೂ ಉಳಿದವು ಎಲ್ಲಿವೆ ಅಂತ ನಿಮ್ಮ ಕಣ್ಣು ಹುಡುಕುತ್ತೆ. ನಿಮ್ಮ ಬಲೆ ಮುಂಚಿನಷ್ಟೇ ತುಂಬುತ್ತೆ. ನಿಮ್ಮ ಕೈಚಳಕವೇ ನಷ್ಟವನ್ನು ಮುಚ್ಚಿಬಿಡುತ್ತೆ. ಅದಕ್ಕೇ ಚೀಟಿ.

ಬಲೆಗಾರ

ಆ ಮಾತು ಸರಿ ಇದೆ. ಮೀನು ಕಮ್ಮಿಯಾದ ವರ್ಷ ನಾವು ಜಾಸ್ತಿ ಸುತ್ತುತ್ತೀವಿ, ಹಿಡಿಯೋದು ಅಷ್ಟೇ ಹಿಡಿಯುತ್ತೀವಿ. ಆದರೆ ಒಂದು. ಜನವರಿಯಲ್ಲಿ ಗೊತ್ತು ಮಾಡಿದ ಜಾಗ ಏಪ್ರಿಲ್‌ಗೆ ಒಣ ಕೆಸರಾಗಿರುತ್ತೆ. ಒಂದು ವರ್ಷ ಕೆರೆ ತುಂಬಿರುತ್ತೆ, ಇನ್ನೊಂದು ವರ್ಷ ಕಾಲು ಭಾಗ. ನೀರು ಕಮ್ಮಿಯಾದಾಗ ಮೀನು ಒತ್ತಾಗಿ ನಿಲ್ಲುತ್ತೆ, ಬಲೆ ತುಂಬ ಬೀಳುತ್ತೆ. ಅದು ಮೀನು ಜಾಸ್ತಿ ಆಯಿತು ಅಂತಲ್ಲ.

ಥಂಡರ್‌ಬೇ ಕನ್ನಡಿಗ

ಈ ಕಷ್ಟ ನಮಗೆ ಇಷ್ಟಿಲ್ಲ, ಇಲ್ಲಿ ನೀರಿನ ಮಟ್ಟ ಅಷ್ಟು ಏರಿಳಿಯೋದಿಲ್ಲ. ಆದರೆ ನಾರ್ಡಿಕ್ ಬಲೆಯನ್ನು ಜಾಗ ನೋಡಿ ಅಲ್ಲ, ಆಳದ ಪಟ್ಟಿ ನೋಡಿ ಹಾಕುತ್ತಾರೆ. 3 ಮೀಟರ್ ಒಳಗೆ ಇಷ್ಟು, 3ರಿಂದ 6 ಮೀಟರ್‌ಗೆ ಇಷ್ಟು ಅಂತ. ನೀವು ಸೊಂಟದ ಆಳದ ಒಳಗೆ ಇಷ್ಟು ಬೀಸು, ಅದಕ್ಕಿಂತ ಆಳಕ್ಕೆ ತೆಪ್ಪದಿಂದ ಇಷ್ಟು ಅಂತ ಮಾಡಿ, ಆ ಪಟ್ಟಿಯೊಳಗೆ ಚೀಟಿ ಎತ್ತಿ. ತೂಬಿನ ಹತ್ತಿರ ನೀರಿನ ಮಟ್ಟ ಅಳೆದು ಪ್ರತಿ ಸಲ ಬರೆಯಿರಿ. ನೀರು ಎಷ್ಟಿತ್ತು ಅಂತ ಗೊತ್ತಿಲ್ಲದ ಮೀನಿನ ಲೆಕ್ಕಕ್ಕೆ ಬೆಲೆ ಇಲ್ಲ.

ತಿಂಗಳೂ ಮುಖ್ಯ. ಇಲ್ಲಿ ವಾಲೈ ಮೀನಿಗೆ ಶರತ್ಕಾಲದಲ್ಲಿ ನೀರು 15ರಿಂದ 10 ಡಿಗ್ರಿಗೆ ಇಳಿಯುವ ಹೊತ್ತಲ್ಲೇ ಬಲೆ ಹಾಕುತ್ತೇವೆ, ಬೇರೆ ಹೊತ್ತಲ್ಲಿ ಹಾಕಿದ್ದಕ್ಕೆ ಹೋಲಿಸೋದಿಲ್ಲ.

ಗೆಂಡೆಮರಿ

ಬೆಂಗಳೂರಿಗೆ ಫೆಬ್ರವರಿ ಒಳ್ಳೆಯದು. ಕೋಡಿ ನಿಂತಿರುತ್ತೆ, ನೀರು ಇನ್ನೂ ಇರುತ್ತೆ. ಮಳೆಗಾಲದ ಮರಿ ಅಷ್ಟೊತ್ತಿಗೆ ಬಲೆಗೆ ಸಿಗುವಷ್ಟು ಬೆಳೆದಿರುತ್ತೆ.

ತೂಕ ಉದ್ದ ಎರಡೂ ಇದ್ದರೆ ಒಂದು ಸುಲಭ ಲೆಕ್ಕ ಇದೆ. ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಉದ್ದ × ಉದ್ದ × ಉದ್ದ ಮಾಡಿ ಬಂದದ್ದರಿಂದ ಭಾಗಿಸಿ. 20 ಸೆಂಟಿಮೀಟರ್‌ನ ಜಿಲೇಬಿ 160 ಗ್ರಾಂ ಇದ್ದರೆ 2 ಬರುತ್ತೆ. ಅದೇ ಉದ್ದಕ್ಕೆ ಮುಂದಿನ ವರ್ಷ 120 ಗ್ರಾಂ ಇದ್ದರೆ ಒಂದೂವರೆ. ಅಂದರೆ ಬಡಕಲಾಗಿದೆ. ಬೇರೆ ಬೇರೆ ಜಾತಿಯನ್ನು ಹೀಗೆ ಹೋಲಿಸಬೇಡಿ, ಮೈಕಟ್ಟೇ ಬೇರೆ. ವಯಸ್ಸು ನೋಡೋಕೆ ಕೆನಡಾ ಕಡೆ ಕಿವಿಕಲ್ಲು, ಅಂದರೆ ಮೀನಿನ ಕಿವಿಯೊಳಗಿನ ಸಣ್ಣ ಕಲ್ಲು, ಕತ್ತರಿಸಿ ವರ್ಷಕ್ಕೊಂದರಂತೆ ಮೂಡುವ ಉಂಗುರ ಎಣಿಸುತ್ತಾರೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲೋದರಿಂದ ಅಲ್ಲಿ ಉಂಗುರ ಸ್ಪಷ್ಟ. ನಮ್ಮಲ್ಲಿ ಮೀನು ವರ್ಷವಿಡೀ ಬೆಳೆಯುತ್ತೆ, ಆ ಉಂಗುರ ನಂಬೋದು ಕಷ್ಟ. ಬಿಡಿ. ಉದ್ದದ ಪಟ್ಟಿ ನೋಡಿದರೆ ಈ ವರ್ಷದ ಮರಿ ಇದೆಯೋ ಇಲ್ಲವೋ ತಿಳಿಯುತ್ತೆ.

ನೀರುಕಾಗೆ

ಬೀಸುಬಲೆ ದಿನ ನಾನೂ ಬರುತ್ತೇನೆ. ಹೆಜ್ಜಾರ್ಲೆ, ನೀರುಕಾಗೆ ಎಷ್ಟಿವೆ, ಏನು ನುಂಗುತ್ತಿವೆ ಅಂತ ಅದೇ ಹಾಳೆಯಲ್ಲಿ ಬರೆಯೋಣ. ಗೂಡು ಕಟ್ಟಿರುವ ಜೊಂಡಿನ ಕಡೆ ಮಾತ್ರ ಯಾರೂ ಇಳಿಯಬೇಡಿ.

ಏರಿಮೇಲಿನವಳು

ಆಯಿತು. ಅನುಮತಿ ಪತ್ರ ಬರೆದು ಇಲ್ಲೇ ಹಾಕುತ್ತೇನೆ, ಗೆಂಡೆಮರಿ ಸರ್ ತಿದ್ದಿಕೊಡಿ. ಪತ್ರದಲ್ಲಿ ಎಷ್ಟು ಮೀನಿದೆ ಅಂತ ಎಣಿಸುತ್ತೇವೆ ಅಂತ ಬರೆಯೋದಿಲ್ಲ. ಯಾವ ಜಾತಿ ಇದೆ, ಮರಿ ಆಗುತ್ತಿದೆಯಾ, ಮೈತುಂಬಿಕೊಂಡಿವೆಯಾ ಅಂತ ವರ್ಷಕ್ಕೊಮ್ಮೆ ನೋಡುತ್ತೇವೆ ಅಂತ ಬರೆಯುತ್ತೇನೆ. ಬಲೆಗಾರ ಅಣ್ಣಾ, ಬೀಸೋಕೆ ನೀವೇ ಬರಬೇಕು, ಕೂಲಿ ಗುಂಪಿನಿಂದ ಕೊಡುತ್ತೇವೆ. ಬಲೆ ಕಣ್ಣು ಎಷ್ಟು ಅಂತ ಈಗಲೇ ಹೇಳಿ, ಹಾಳೆಯಲ್ಲಿ ಮೇಲೆ ಅಚ್ಚು ಹಾಕಿಸಬೇಕು.

ಬಲೆಗಾರ

ಬರುತ್ತೀನಿ ಅಕ್ಕಾ. ಕಿರುಬೆರಳು ಹೋಗದ ಕಣ್ಣು ಇರೋದು ತರುತ್ತೀನಿ, ಬಂದಾಗ ಸ್ಕೇಲ್ ಹಿಡಿದು ಅಳೆದುಕೊಳ್ಳಿ. ಬಲೆ ಅಗಲವನ್ನೂ ಬರೆದುಕೊಳ್ಳಿ. ಮುಂದಿನ ವರ್ಷ ಅದು ಹರಿದರೆ ಅದೇ ಅಳತೆಯದು ಹೊಲಿಸಬೇಕಲ್ಲ. ಮತ್ತೆ ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಿ.